ಹಸಿರು ಸೋಫಾದ ಹೊಟ್ಟೆಯಲ್ಲಿ ಸಿಕ್ಕಿದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಪ್ಪ ಹೇಳುತ್ತಾನೆ. ಇದ್ದರೆ ಇರಲಿ, ಒಳಗೇ ಇಟ್ಟುಕೊಂಡು ಕೊಳೆಸುವುದಕ್ಕಿಂತ ವಾಸಿಯಲ್ಲವೇ ಎಂದು ನಾನು ವಾದಿಸುತ್ತಿದ್ದೆ. ಈಚೆಗೆ ಆ ವಾದ ಬಿಟ್ಟಿದ್ದೇನೆ. ಬಿಡಿಸಿದ್ದು ನಮ್ಮ ನಾಯಿ, ಒಂದು ಹಸಿರು ಸೋಫಾ, ಮತ್ತೆ ಅಪ್ಪನ ಒಂದು ಹಾಳು ಅಭ್ಯಾಸ. ಆ ಹಾಳು ಅಭ್ಯಾಸವನ್ನು ನೆನೆದಾಗಲೆಲ್ಲ ಈಗ ನನಗೆ ಕಣ್ಣು ತುಂಬಿ ಬರುತ್ತದೆ.

ನಮ್ಮದು ಸೋಫಾ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹಳೆಯ ಸೋಫಾ, ಕುರ್ಚಿ ತಂದುಕೊಟ್ಟರೆ ಬಟ್ಟೆ ಕಿತ್ತು, ಸ್ಪ್ರಿಂಗ್ ಬಿಗಿದು, ಹೊಸ ಸ್ಪಂಜು ಹಾಕಿ, ಹೊಸ ಬಟ್ಟೆ ಹೊದಿಸಿ ಕೊಡುತ್ತೇವೆ. ನನಗೆ ಕೆಲಸ ಕಲಿಸಿದವನು ಅಪ್ಪನೇ. ಈಗ ಅವನ ಕಣ್ಣು ಹೆಚ್ಚುಕಡಿಮೆ ಹೋಗಿದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದು ತಿಳಿಯುತ್ತದೆ, ಅಷ್ಟೇ. ಬೆರಳು ಮಾತ್ರ ಮೊದಲಿಗಿಂತ ಚುರುಕು. ಬಟ್ಟೆ ಕಿತ್ತ ಸೋಫಾವನ್ನು ಮುಂದಿಟ್ಟರೆ ಸಂದುಗೊಂದುಗಳಲ್ಲೆಲ್ಲ ಬೆರಳಾಡಿಸಿ, ಮುರಿದ ಮೊಳೆ, ಪಿನ್ನುಗಳನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದುಬಿಡುತ್ತಾನೆ.

ಇನ್ನು ಆ ಅಭ್ಯಾಸ. ಸೋಫಾದ ಹೊಟ್ಟೆಯಲ್ಲಿ ಏನೇ ಸಿಗಲಿ, ಎಸೆಯುವಂತಿಲ್ಲ. ಹೇರ್‌ಪಿನ್ನು, ಅಂಗಿಯ ಗುಂಡಿ, ಪೆನ್ಸಿಲ್ ತುಂಡು, ಆಟದ ಕಾರಿನ ಚಕ್ರ, ಒಂಟಿ ಓಲೆ, ಎಲ್ಲವೂ ಒಂದು ಕಾಗದದ ಕವರಿಗೆ ಹೋಗಬೇಕು. ಕವರಿನ ಬಾಯನ್ನು ಮೂರು ಮಡಿಕೆ ಮಡಿಸಿ, ಅದೇ ಸೋಫಾದ ಹಳೇ ಬಟ್ಟೆಯ ಒಂದು ಚೂರನ್ನು ಮೇಲಿಟ್ಟು ಅಪ್ಪ ಸ್ಟೇಪ್ಲರ್ ಹೊಡೆಯುತ್ತಾನೆ. ಯಾವ ಕವರು ಯಾರದೆಂದು ಬಟ್ಟೆ ಸವರಿಯೇ ಹೇಳುತ್ತಾನೆ. ಸೋಫಾ ಹೋಗುವ ದಿನ ಕವರೂ ಜೊತೆಗೆ ಹೋಗಬೇಕು.

"ಸೋಫಾ ರಿಪೇರಿಗೆ ಬಂದಿದೆ ಕಣೇ. ಅದರ ಹೊಟ್ಟೇಲಿರೋದು ರಿಪೇರಿಗೆ ಬಂದಿಲ್ಲ," ಎನ್ನುವುದು ಅವನ ನ್ಯಾಯ.

ಹೇಳುವುದು ಸುಲಭ. ಕೊಟ್ಟು ಬರಬೇಕಾದವಳು ನಾನು. ಒಬ್ಬ ವಕೀಲರಿಗೆ ಏಳು ಕಿತ್ತಳೆ ಬೀಜ ಮತ್ತು ಅರ್ಧ ಬಿಸ್ಕತ್ತನ್ನು ಗಂಭೀರವಾಗಿ ಒಪ್ಪಿಸಿ ಬಂದಿದ್ದೇನೆ. ಅವರು ಕವರಿನೊಳಗೆ ಇಣುಕಿ ನೋಡಿ, ನನ್ನ ಮುಖ ನೋಡಿ, ರಶೀದಿ ಬೇಕೇ ಎಂದು ಕೇಳಿದರು.

ನಾಯಿಯ ಹೆಸರು ಸ್ಪ್ರಿಂಗಪ್ಪ. ನಾಲ್ಕು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಅಪ್ಪ ಮಾತು ನಿಲ್ಲಿಸಿಬಿಟ್ಟಿದ್ದ. ಹೂಂ ಇಲ್ಲ, ಉಹೂಂ ಇಲ್ಲ. ಎರಡು ತಿಂಗಳು ಅಂಗಡಿಯಲ್ಲಿ ಸುತ್ತಿಗೆ ಸದ್ದು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ಒಂದು ಬೆಳಿಗ್ಗೆ ಎಲ್ಲಿಂದಲೋ ಒಂದು ಕಂದು ಮರಿ ಒಳಗೆ ನುಗ್ಗಿ, ನೆಲದಿಂದ ಸ್ಟೂಲಿಗೆ, ಸ್ಟೂಲಿನಿಂದ ಅಪ್ಪನ ತೊಡೆಗೆ ಹಾರಿ ಕೂತಿತು. ಅಪ್ಪ ಅದರ ಬೆನ್ನು ಸವರಿ, "ಇವನಿಗೆ ಯಾರೋ ಸ್ಪ್ರಿಂಗ್ ಬಿಗಿದು ಬಿಟ್ಟಿದಾರೆ," ಎಂದ. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತು ಬಂದೆ.

ಅಂದಿನಿಂದ ಅಪ್ಪ ಮಾತಾಡುವುದೆಲ್ಲ ಅವನ ಮೂಲಕವೇ. "ಸ್ಪ್ರಿಂಗಪ್ಪಾ, ನಿಮ್ಮಕ್ಕನ್ನ ಕೇಳು, ಟೀ ಇವತ್ತೇ ಆಗುತ್ತಾ ಇಲ್ಲ ನಾಳೆನಾ ಅಂತ." ನಾನೂ ಅವನಿಗೇ ಉತ್ತರ ಕೊಡುತ್ತಿದ್ದೆ. ನಮ್ಮ ಮೂವರ ಸಂಸಾರ ಹೀಗೆ ನಡೆದಿತ್ತು.

ಹಸಿರು ಸೋಫಾ ಬಂದದ್ದು ಸೇತುವೆಯ ಆಚೆ ಕಡೆಯಿಂದ. ತಂದವರು ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದ ಹೆಂಗಸು. ಅವರನ್ನು ಎಲ್ಲರೂ ಕಂಡಕ್ಟರಮ್ಮ ಎಂದೇ ಕರೆಯುತ್ತಾರೆ. ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿ ಕೂಗಿ ಅವರ ಗಂಟಲಿಗೆ ಪಿಸುಮಾತು ಮರೆತೇ ಹೋಗಿದೆ.

"ನಮ್ಮ ಹುಡುಗ ಹನ್ನೊಂದು ವರ್ಷ ಇದರ ಮೇಲೇ ಮಲಗಿದ್ದ ಕಣಮ್ಮ," ಎಂದರು. ಹುಡುಗ ಎಂದರೆ ಅವರ ನಾಯಿ. "ಹೋದ ವಾರ ಹೋಗ್ಬಿಟ್ಟ. ವಯಸ್ಸಾಗಿತ್ತು. ಈ ಬಟ್ಟೆ ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ಬೇರೆ ಹಾಕಿಕೊಡು."

ಬೇರೆ ಯಾವುದು ಎಂದು ತೀರ್ಮಾನ ಮಾಡಲು ಅವರಿಗೆ ಎರಡು ವಾರ ಬೇಕಾಯಿತು. ಅಷ್ಟು ದಿನವೂ ಸೋಫಾ ಅಂಗಡಿಯ ಮೂಲೆಯಲ್ಲಿತ್ತು. ಸ್ಪ್ರಿಂಗಪ್ಪನಿಗೆ ಅದರಲ್ಲಿ ಇನ್ನೊಂದು ನಾಯಿಯ ವಾಸನೆ ಹಿಡಿಸಿತೋ ಏನೋ, ತನ್ನ ಗೋಣಿಚೀಲ ಬಿಟ್ಟು ಅಲ್ಲೇ ಬಿಡಾರ ಹೂಡಿದ. ಕೊನೆಗೆ ಬೂದು ಬಣ್ಣ ಗೊತ್ತಾಯಿತು. ನಾನು ಹಸಿರು ಬಟ್ಟೆ ಕಿತ್ತೆ, ಅಪ್ಪ ಎಂದಿನಂತೆ ಸಂದುಗಳಲ್ಲಿ ಬೆರಳಾಡಿಸಿ ಕವರು ತುಂಬಿ ಸ್ಟೇಪ್ಲರ್ ಹೊಡೆದು ಡ್ರಾಯರಿಗೆ ಹಾಕಿದ. ಅದರಲ್ಲಿ ಏನಿದೆ ಎಂದು ನಾನು ನೋಡಲಿಲ್ಲ. ಆ ಕವರುಗಳ ಮುಖ ನೋಡುವುದನ್ನೇ ಬಿಟ್ಟಿದ್ದೆ.

ಅದಾಗಿ ಹತ್ತು ದಿನಕ್ಕೆ ಸ್ಪ್ರಿಂಗಪ್ಪ ಊಟ ಬಿಟ್ಟ. ಮೈ ಸುಡುತ್ತಿತ್ತು. ಕರೆದರೆ ಬಾಲದ ತುದಿ ಮಾತ್ರ ಅಲ್ಲಾಡಿಸುತ್ತಿದ್ದ. ನಾನು ಅವನನ್ನು ಎತ್ತಿಕೊಂಡು ಪ್ರಾಣಿ ಡಾಕ್ಟರ ಹತ್ತಿರ ಓಡಿದೆ.

ಡಾಕ್ಟರ ಮೇಜಿನ ಹಿಂದಿನ ಗೋಡೆಯ ಮೇಲೆ ಊರಿನ ದೊಡ್ಡ ನಕಾಶೆ ಇದೆ. ಯಾವ ಬಡಾವಣೆಯ ನಾಯಿಗೆ ಉಣ್ಣೆ ಕಚ್ಚಿ ಜ್ವರ ಬಂದರೂ ಅಲ್ಲೊಂದು ಕೆಂಪು ಪಿನ್ನು ಚುಚ್ಚುತ್ತಾರೆ. ಸೇತುವೆಯ ಆಚೆ ಕೆಂಪೋ ಕೆಂಪು. ಈಚೆ, ನಮ್ಮ ಬೀದಿಗಳ ಕಡೆ, ಒಂದು ಪಿನ್ನೂ ಇಲ್ಲ.

"ಆಚೆ ಕಡೆ ವಾಕಿಂಗ್ ಏನಾದ್ರೂ ಕರ್ಕೊಂಡು ಹೋಗಿದ್ರಾ? ಉಣ್ಣೆ ಏನಾದ್ರೂ ಕಂಡಿತ್ತಾ?" ಎಂದು ಕೇಳಿದರು.

ಕೇಳಬಾರದ್ದನ್ನು ಕೇಳಿದ ಹಾಗೆ ನನಗೆ ಉರಿದುಹೋಯಿತು. "ಉಣ್ಣೆನಾ? ನಮ್ಮ ನಾಯಿಗಾ? ದಿನಾ ಬ್ರಶ್ ಹಾಕ್ತೀನಿ ಡಾಕ್ಟ್ರೇ. ಅಂಗಡಿ ಬಾಗಿಲು ದಾಟಲ್ಲ ಅವನು. ಬೇಕಿದ್ರೆ ನೀವೇ ಹುಡುಕಿ, ಒಂದೇ ಒಂದು ಸಿಕ್ಕಿದ್ರೆ ಹೇಳಿ!"

ಅವರು ಕಿವಿ ಮಡಿಸಿ, ಬೆರಳ ಸಂದು ಬಿಡಿಸಿ ಹುಡುಕಿದರು. ಒಂದೂ ಸಿಗಲಿಲ್ಲ. ನಕಾಶೆಯ ಕಡೆ ತಿರುಗಿ ನೋಡಿದರು. "ರಕ್ತ ಒಂದ್ಸಲ ನೋಡಬಹುದಿತ್ತು," ಎಂದು ಶುರುಮಾಡಿದವರು ನನ್ನ ಮುಖ ನೋಡಿ, "ಆಯ್ತು, ನಿಮ್ಮ ಕಡೆ ಇಲ್ಲ ಬಿಡಿ. ಹೊಟ್ಟೆಗೆ ಆಗದ್ದೇನೋ ತಿಂದಿರಬೇಕು. ಎರಡು ದಿನದಲ್ಲಿ ಜ್ವರ ಇಳೀದಿದ್ರೆ ಬನ್ನಿ," ಎಂದು ಇಂಜೆಕ್ಷನ್ ಕೊಟ್ಟರು. ಗೆದ್ದವಳ ಹಾಗೆ ಮನೆಗೆ ಬಂದೆ. ಏನು ಗೆದ್ದೆನೋ!

ಮರುದಿನ ಮಧ್ಯಾಹ್ನ ಸ್ಪ್ರಿಂಗಪ್ಪನ ಮೂಗಿನಿಂದ ಎರಡು ಹನಿ ರಕ್ತ ಬಿತ್ತು. ತುಟಿ ಎತ್ತಿ ನೋಡಿದೆ, ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಅಪ್ಪ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದ. ಬೆಳಿಗ್ಗೆಯಿಂದ ಒಂದು ಮಾತಾಡಿರಲಿಲ್ಲ. ಆ ಮೌನ ನನಗೆ ಗೊತ್ತು. ನಾಲ್ಕು ವರ್ಷದ ಹಿಂದಿನ ಆ ಎರಡು ತಿಂಗಳು ಬಾಗಿಲಲ್ಲಿ ಬಂದು ನಿಂತ ಹಾಗಾಯಿತು. ನಾಯಿ ಹೋದರೆ ಅಪ್ಪನ ಮಾತೂ ಹೋಗುತ್ತದೆ, ಈ ಸಲ ತಿರುಗಿ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಹೆದರಿಕೆಯಾದರೆ ಕೆಲವರು ಅಳುತ್ತಾರೆ. ನಾನು ಜಗಳ ಹುಡುಕುತ್ತೇನೆ. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಸಂಜೆ ಐದಕ್ಕೆ ಬರುತ್ತಾರೆಂದು ಕಾಂಪೌಂಡರ್ ಹೇಳಿದ. ಇನ್ನೂ ಎರಡು ಗಂಟೆ. ಸುಮ್ಮನೆ ಕೂರಲಾರದೆ ಒಂದು ಕುರ್ಚಿಗೆ ಮೊಳೆ ಹೊಡೆಯೋಣ ಎಂದು ಡ್ರಾಯರ್ ಎಳೆದರೆ ಬರಲಿಲ್ಲ. ಒಳಗೆ ಕವರುಗಳು ತುರುಕಿಕೊಂಡು ಅಡ್ಡ ಸಿಕ್ಕಿದ್ದವು. ಜಗ್ಗಿದೆ. ಡ್ರಾಯರ್ ಕಿತ್ತು ಕೈಗೇ ಬಂತು. ಎಲ್ಲವನ್ನೂ ಬಾಚಿ ಕಸದ ಚೀಲಕ್ಕೆ ಸುರಿದೆ.

"ಇದೇನು ಅಂಗಡಿನೋ ತಿಪ್ಪೆನೋ? ಕಂಡೋರ ಮನೆ ಕಸ ಕಾಯೋದೇ ಆಯ್ತು ನಿಂಗೆ! ನಾಯಿ ಸಾಯ್ತಾ ಇದೆ ಅಪ್ಪಾ, ಸಾಯ್ತಾ ಇದೆ!"

ಆಡಿದ ಮಾತು ಒಡೆದ ಮುತ್ತು ಎನ್ನುತ್ತಾರೆ. ಅಪ್ಪನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ನಾಯಿಯ ತಲೆಯನ್ನು ಮೆಲ್ಲಗೆ ಗೋಣಿಯ ಮೇಲಿಟ್ಟು, ಮಂಡಿಯೂರಿ ತಡವುತ್ತ ಕಸದ ಚೀಲದ ಹತ್ತಿರ ಬಂದ. ಒಳಗೆ ಕೈಹಾಕಿ ಒಂದೊಂದೇ ಕವರನ್ನು ಹೊರಗೆ ತೆಗೆದು, ಬಟ್ಟೆ ಸವರಿ, ಪಕ್ಕದಲ್ಲಿ ಜೋಡಿಸತೊಡಗಿದ. ನನಗೆ ನಾಚಿಕೆಯಾಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಒಂದು ಕವರನ್ನು ಅವನು ಕೈಯಲ್ಲೇ ಹಿಡಿದುಕೊಂಡ. ಮೇಲೆ ಹಸಿರು ವೆಲ್ವೆಟ್ಟಿನ ಚೂರು.

"ಇದನ್ನಾದ್ರೂ ಎಸೀಬೇಡ ಕಣೇ," ಎಂದ. ಧ್ವನಿ ಬಹಳ ಸಣ್ಣಗಿತ್ತು. "ಬೀಜ ಇದಾವೆ ಇದರಲ್ಲಿ. ಹರಳು ಬೀಜ ಅನ್ಸುತ್ತೆ, ನುಣ್ಣಗಿವೆ. ಆಯಮ್ಮ ಯಾವುದಕ್ಕೋ ಇಟ್ಕೊಂಡಿರ್ತಾಳೆ."

ಸೋಫಾದಲ್ಲಿ ಹರಳು ಬೀಜ ಯಾರು ಇಡುತ್ತಾರೆ? ಕವರನ್ನು ಕಿತ್ತುಕೊಂಡು, ಸ್ಟೇಪ್ಲರ್ ಪಿನ್ನು ಕಿತ್ತು, ಬಿಳಿ ಕಾಗದದ ಮೇಲೆ ಸುರಿದೆ. ಒಂದು ಗುಂಡಿ, ಒಂದು ಬಿಳಿಯ ಮೊನಚಾದ ಚೂರು, ಆರು ಬೂದು ಬಣ್ಣದ ಬೀಜ. ಅವುಗಳ ಸುತ್ತ ಗಸಗಸೆಯಂಥ ಕಂದು ಪುಡಿ. ನೋಡುತ್ತಿದ್ದ ಹಾಗೇ ಒಂದು ಬೀಜ ಕಾಲು ಚಾಚಿತು.

ಚಿಕ್ಕವಳಿದ್ದಾಗ ಹಸುವಿನ ಕಿವಿಯೊಳಗೆ ನೋಡಿದ್ದೆ ಇವನ್ನು. ರಕ್ತ ಕುಡಿದು ಉಬ್ಬಿದ ಉಣ್ಣೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಮ್ಮ ನಾಯಿಯ ರೋಗ ನಮ್ಮ ಡ್ರಾಯರಿನಲ್ಲೇ, ಸ್ಟೇಪ್ಲರ್ ಹೊಡೆಸಿಕೊಂಡು ಹತ್ತು ದಿನದಿಂದ ಭದ್ರವಾಗಿ ಕೂತಿತ್ತು.

ಅಪ್ಪನಿಗೆ ಏನೂ ಹೇಳಲಿಲ್ಲ. ಬೀಜ, ಪುಡಿ ಎಲ್ಲವನ್ನೂ ಮುಚ್ಚಳದ ಬಾಟಲಿಗೆ ತುಂಬಿ ಬಿಗಿದು, ನಾಯಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದೆ. ಡಾಕ್ಟರ ಮನೆ ಆಸ್ಪತ್ರೆಯ ಹಿಂದೆಯೇ ಇದೆ. ಐದು ಗಂಟೆಯವರೆಗೆ ಕಾಯುವವಳು ನಾನಲ್ಲ. ಬಾಗಿಲು ಬಡಿದೆ. ಅವರು ಊಟದ ಕೈಯಲ್ಲೇ ಬಂದರು. ಸೇತುವೆಯಾಚೆಯಿಂದ ರಿಪೇರಿಗೆ ಬಂದ ಸೋಫಾದಲ್ಲಿ ಸಿಕ್ಕಿದವು ಎಂದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆ ಊಟದ ಸುದ್ದಿಯನ್ನೇ ಎತ್ತಲಿಲ್ಲ.

ರಕ್ತ ತೆಗೆದು ಪರೀಕ್ಷೆ ಮಾಡಿದರು. ಉಣ್ಣೆ ಜ್ವರವೇ.

"ಇವು ನಿಮ್ಮ ನಾಯಿ ರಕ್ತ ಕುಡಿದೇ ಉಬ್ಬಿರೋದು. ಕುಡಿದು ಉದುರಿ ಮತ್ತೆ ಸೋಫಾ ಸಂದಿಗೇ ಹೋಗಿವೆ, ಮೊಟ್ಟೆ ಇಡೋಕೆ. ಈ ಪುಡಿ ಅದೇ, ಮೊಟ್ಟೆ. ಅದಕ್ಕೇ ಮೈಮೇಲೆ ನಮಗೆ ಸಿಗಲಿಲ್ಲ," ಎಂದರು. ಇಂಜೆಕ್ಷನ್ ಕೊಟ್ಟು, ಗ್ಲೂಕೋಸ್ ಹಾಕಿ, ನಾಲ್ಕು ವಾರದ ಮಾತ್ರೆ ಬರೆದರು. "ನಾಳೆವರೆಗೆ ಕಾದಿದ್ರೆ ಕಷ್ಟ ಇತ್ತು. ಇದನ್ನ ಯಾರು ಎತ್ತಿಟ್ಟಿದ್ದು?"

"ನಮ್ಮಪ್ಪ. ಗಿರಾಕಿ ಸಾಮಾನು ಅಂತ."

ಡಾಕ್ಟರಿಗೆ ನಗು ಬಂತು, ತಡೆದುಕೊಂಡರು. ಎದ್ದು ಹೋಗಿ ನಕಾಶೆಯಲ್ಲಿ ನಮ್ಮ ಬೀದಿಯ ಮೇಲೆ ಒಂದು ಕೆಂಪು ಪಿನ್ನು ಚುಚ್ಚಿದರು. "ತಪ್ಪು ನನ್ನದು. ನಕಾಶೆ ನಂಬಿಕೊಂಡು ಕೂತೆ. ಸೋಫಾಕ್ಕೂ ನಾಲ್ಕು ಕಾಲಿದೆ, ಅದೂ ಸೇತುವೆ ದಾಟುತ್ತೆ ಅನ್ನೋದು ತಲೆಗೆ ಹೊಳೀಲಿಲ್ಲ."

"ಇಲ್ಲ ಡಾಕ್ಟ್ರೇ, ನೀವು ಸರಿಯಾಗೇ ಕೇಳಿದ್ರಿ. ಬಾಯಿ ಮುಚ್ಚಿಸಿದೋಳು ನಾನು," ಎಂದೆ. ಜೀವಮಾನದಲ್ಲಿ ನಾನು ಅಷ್ಟು ಬೇಗ ತಪ್ಪೊಪ್ಪಿಕೊಂಡದ್ದು ಅದೊಂದೇ ಸಲ.

ನಾಲ್ಕನೆಯ ದಿನ ಸ್ಪ್ರಿಂಗಪ್ಪ ಎರಡು ತುತ್ತು ಅನ್ನ ತಿಂದ. ಐದನೆಯ ದಿನ ಬಟ್ಟಲು ನೆಕ್ಕಿ, ಖಾಲಿ ಬಟ್ಟಲನ್ನು ನೆಲದುದ್ದಕ್ಕೂ ತಳ್ಳಿಕೊಂಡು ಹೋದ. ಆ ಕರಕರ ಸದ್ದಿಗಿಂತ ಇಂಪಾದದ್ದನ್ನು ನಾನು ಕೇಳಿಲ್ಲ. ಅಷ್ಟರಲ್ಲಿ ಅಂಗಡಿಗೂ ಹಿಂದಿನ ಮನೆಗೂ ಆ ಸೋಫಾಕ್ಕೂ ಡಾಕ್ಟರು ಹೇಳಿದ ಔಷಧಿ ಹೊಡೆದು, ಉಣ್ಣೆ ಅಡಗುವ ಗೋಡೆಯ ಬಿರುಕುಗಳಿಗೆಲ್ಲ ಸಿಮೆಂಟು ತುಂಬಿ, ಹಳೆ ಸ್ಪಂಜನ್ನೆಲ್ಲ ಸುಟ್ಟು ಹಾಕಿದ್ದೆ. ಅಪ್ಪ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಗೆ ಹೇಳಲಿ? ನಾಯಿಯನ್ನು ಕಚ್ಚಿದ್ದನ್ನೇ ನೀನು ಬೀಜ ಎಂದುಕೊಂಡು ಕೈಯಾರೆ ಕಾಪಾಡಿಟ್ಟಿದ್ದೆ ಎಂದೇ? ಅವನು ಅದನ್ನು ತಲೆಗೆ ಹಚ್ಚಿಕೊಂಡು ಮತ್ತೆ ಮೌನ ಹಿಡಿದರೆ ಎಂದು ಭಯ.

ಒಂದು ಸಲ ಮಾತ್ರ, "ಹಸಿರು ಕವರು ಎಲ್ಲಿ?" ಎಂದ.

"ಭದ್ರವಾಗಿದೆ," ಎಂದೆ.

ಬೂದು ಬಟ್ಟೆ ಹೊದ್ದ ಸೋಫಾವನ್ನು ಟೆಂಪೋದಲ್ಲಿ ಹಾಕಿಕೊಂಡು ಕಂಡಕ್ಟರಮ್ಮನ ಮನೆಗೆ ನಾನೇ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನಿಮ್ಮ ಸೋಫಾದಲ್ಲಿ ಉಣ್ಣೆ ಇತ್ತು ಎಂದು ಹೇಳಬೇಕು. ಇಂಥದೇ ಮಾತನ್ನು ಡಾಕ್ಟರು ನನಗೆ ಹೇಳಿದಾಗ ನಾನು ಹೇಗೆ ಎಗರಾಡಿದ್ದೆ! ಅದಕ್ಕೇ ಮೊದಲು ನನ್ನ ಕಥೆಯನ್ನೇ ಹೇಳಿಕೊಂಡೆ. ನಮ್ಮ ನಾಯಿಗೆ ಹೀಗಾಯಿತು, ನಾನು ಹೀಗೆ ಕೂಗಾಡಿದೆ, ಅಪ್ಪ ಹೀಗೆ ಕವರು ಎತ್ತಿಟ್ಟಿದ್ದ ಎಂದು.

ನಿಂತಿದ್ದ ಕಂಡಕ್ಟರಮ್ಮ ಆ ಬೂದು ಸೋಫಾದ ಮೇಲೆ ಕೂತುಬಿಟ್ಟರು. "ಹಾಗಾದ್ರೆ ನಮ್ಮ ಹುಡುಗ ವಯಸ್ಸಾಗಿ ಹೋಗಿದ್ದಲ್ಲ," ಎಂದರು. ಅವರ ಬಾಯಿಂದ ನಾನು ಪಿಸುಮಾತು ಕೇಳಿದ್ದು ಅದೇ ಮೊದಲು.

"ಗೊತ್ತಿಲ್ಲಮ್ಮ. ಉಣ್ಣೆ ಜ್ವರವೇ ಇದ್ರೂ ಇರಬಹುದು," ಎಂದೆ. ಸುಳ್ಳು ಸಮಾಧಾನ ಹೇಳಲು ನಾಲಿಗೆ ಏಳಲಿಲ್ಲ.

"ಭಾನುವಾರ ತಂಗಿ ಮನೆಯಿಂದ ಮರಿ ತರೋಳಿದ್ದೆ ಕಣಮ್ಮ. ಒಂದೂವರೆ ತಿಂಗಳ ಮರಿ. ಇಲ್ಲೇ, ಈ ಮೂಲೇಲೇ ಮಲಗಿಸೋದು ಅಂತಿದ್ದೆ." ಮೂಲೆಯ ಗೋಡೆಯಲ್ಲಿ ಉದ್ದಕ್ಕೂ ಬಿರುಕಿತ್ತು. ಇಬ್ಬರೂ ಆ ಬಿರುಕನ್ನೇ ನೋಡಿದೆವು. ಅವರು ಫೋನ್ ತೆಗೆದುಕೊಂಡು ತಂಗಿಗೆ, ಮರಿ ಇನ್ನೊಂದು ತಿಂಗಳು ಅಲ್ಲೇ ಇರಲಿ, ಮನೆ ಶುದ್ಧ ಮಾಡಿಸಬೇಕು ಎಂದು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು.

ಆಮೇಲೆ ನಾನು ಕವರು ಕೊಟ್ಟೆ. ಬೀಜದ ಬಾಟಲಿ ಡಾಕ್ಟರ ಹತ್ತಿರವೇ ಉಳಿದಿತ್ತು, ಉಳಿದದ್ದು ಗುಂಡಿ ಮತ್ತು ಆ ಬಿಳಿಯ ಚೂರು. ಎರಡನ್ನೂ ಔಷಧಿಯಲ್ಲಿ ತೊಳೆದಿದ್ದೆ. ಕಂಡಕ್ಟರಮ್ಮ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಹೋದರು.

"ಹಾಲು ಹಲ್ಲು," ಎಂದರು. "ಅವನದು. ಮರಿ ಇದ್ದಾಗ ಒಂದು ದಿನ ಸೋಫಾ ಕಚ್ಚಿ ಎಳೀತಾ ಇದ್ದ, ಹಲ್ಲು ಬಿದ್ದುಹೋಯ್ತು. ಇಡೀ ಮನೆ ಹುಡುಕಿದ್ದೆ. ಹನ್ನೊಂದು ವರ್ಷ ಅವನು ಅದರ ಮೇಲೇ ಮಲಗಿದ್ದಾನೆ ನೋಡು!" ನಗುತ್ತಲೇ ಅತ್ತರು. ಬಾಗಿಲವರೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ತಂದೆಗೆ ಹೇಳಮ್ಮ. ಬರೋ ಮರಿಯನ್ನೂ ಉಳಿಸಿದ್ರು, ಹೋದವನನ್ನೂ ಒಂಚೂರು ವಾಪಸ್ ಕೊಟ್ರು ಅಂತ. ಮರೀಬೇಡ."

ಮರೆಯುವುದೆಂತು? ಸೇತುವೆ ದಾಟುವವರೆಗೂ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಬಂದೆ.

ಅಪ್ಪ ಅಂಗಡಿಯಲ್ಲಿ ಒಂದು ಕುರ್ಚಿಯನ್ನು ತಡವುತ್ತ ಕೂತಿದ್ದ. ಸ್ಪ್ರಿಂಗಪ್ಪ ಅವನ ಪಾದದ ಮೇಲೆ ಗಲ್ಲ ಊರಿದ್ದ. ಕಂಡಕ್ಟರಮ್ಮ ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, ನಾಯಿಯ ಮೂಲಕ ಅಲ್ಲದೆ, ನೇರವಾಗಿ ನನ್ನನ್ನೇ ಕೇಳಿದ.

"ಅವು ಬೀಜ ಅಲ್ಲ ಅಂತ ನೀನು ಓಡಿದ ರಭಸದಲ್ಲೇ ಗೊತ್ತಾಯ್ತು ಕಣೇ. ನಾನೇ ಅಲ್ವಾ ಇವನಿಗೆ ಹೀಗೆ ಮಾಡಿದ್ದು? ಕೈಗೆ ಸಿಕ್ಕಿದಾಗ ಗೊತ್ತಾಗಲಿಲ್ಲ. ಕಣ್ಣಿದ್ದಿದ್ರೆ ಆವತ್ತೇ ಹೊಸಕಿ ಹಾಕ್ತಿದ್ದೆ."

ಅಷ್ಟು ದಿನ ಅವನು ಇದನ್ನು ಒಬ್ಬನೇ ಹೊತ್ತುಕೊಂಡು ಕೂತಿದ್ದ. ನೆಲದ ಮೇಲೆ ಅವನ ಎದುರಿಗೆ ಕೂತೆ.

"ಹೊಸಕಿ ಹಾಕಿದ್ರೆ ಡಾಕ್ಟ್ರಿಗೆ ನಾನು ಏನು ತೋರಿಸ್ತಿದ್ದೆ ಅಪ್ಪಾ? ಅವು ಕಚ್ಚಿದ್ದು ನೀನು ಮುಟ್ಟೋಕೆ ಮುಂಚೆ. ನೀನು ಎತ್ತಿಟ್ಟಿದ್ದಕ್ಕೇ ಇವನು ಉಳಿದ. ನಾನು ಕಸಕ್ಕೆ ಹಾಕಿದ್ದನ್ನ ನೀನು ಹೆಕ್ಕಿ ತೆಗೆದಿದ್ದಕ್ಕೇ ಉಳಿದ. ಆವತ್ತು ಹಾಗೆಲ್ಲ ಅಂದೆ, ತಪ್ಪಾಯ್ತು." ಇನ್ನೂ ಒಂದು ಮಾತು ಬಾಕಿಯಿತ್ತು. ಮನೆಯವರಿಗೆ ಅದನ್ನು ಯಾರೂ ಹೇಳುವುದಿಲ್ಲ, ನಾನೂ ಹೇಳಿರಲಿಲ್ಲ. ಹೇಳಿದೆ. "ನಿನಗೆ ತುಂಬ ಥ್ಯಾಂಕ್ಸ್ ಅಪ್ಪಾ."

ಅಪ್ಪ ಸುಮ್ಮನಿದ್ದ. ಮತ್ತೆ ಆ ಮೌನವೇ ಬಂತೇನೋ ಎಂದು ನನ್ನ ಜೀವ ಬಾಯಿಗೆ ಬಂತು. ಅವನ ಕೈ ಕೆಳಗೆ ಹೋಗಿ ನಾಯಿಯ ಕಿವಿಯ ಹಿಂದೆ ಕೆರೆಯಿತು.

"ಸ್ಪ್ರಿಂಗಪ್ಪಾ," ಎಂದ, "ನಿಮ್ಮಕ್ಕನಿಗೆ ಹೇಳು, ಥ್ಯಾಂಕ್ಸ್ ಆಮೇಲೆ ಕೊಡಲಿ. ಮೊದಲು ಒಂದು ಕವರು ಕೊಡಲಿ. ಈ ಕುರ್ಚೀಲಿ ಏನೋ ಸಿಕ್ಕಿದೆ."

"ಏನದು?"

"ನನಗೇನು ಗೊತ್ತು? ಇನ್ಮೇಲೆ ಬೆರಳು ನನ್ನದು, ಕಣ್ಣು ನಿನ್ನದು. ನೋಡಿ ಹೇಳು."

ಅವನು ಅಂಗೈ ಚಾಚಿದ. ನಾನು ಬಗ್ಗಿ, ಬೆಳಕಿಗೆ ಹಿಡಿದು, ಮೇಲೆ ಕೆಳಗೆ ತಿರುಗಿಸಿ ಚೆನ್ನಾಗಿ ನೋಡಿದೆ. ಕಿತ್ತಳೆ ಬೀಜ. ಕುರ್ಚಿ ಆ ವಕೀಲರದೇ. ಕವರಿಗೆ ಹಾಕಿ, ಮೂರು ಮಡಿಕೆ ಮಡಿಸಿ, ಬಟ್ಟೆಯ ಚೂರಿಟ್ಟು ಸ್ಟೇಪ್ಲರ್ ಹೊಡೆದೆ.